ಆ ಹುಡುಗನನ್ನು ಯಾರೂ ಕೇಳಲಿಲ್ಲ

ಅಮೆರಿಕದ ಕನ್ನಡ ತಂದೆ-ತಾಯಂದಿರಿಗೆ ಒಂದು ಬಹಿರಂಗ ಪತ್ರ

ಶುಕ್ರವಾರ ರಾತ್ರಿ ಶಾಲೆಯ ಮೈದಾನದ ಅಲ್ಯೂಮಿನಿಯಂ ಮೆಟ್ಟಿಲುಗಳ ಮೇಲೆ ದಿಂಬು ಹಾಕಿಕೊಂಡು ಕೂರುವ, ಶನಿವಾರ ಬೆಳಗಿನಿಂದ ಸರಿರಾತ್ರಿಯವರೆಗೆ ಟಿವಿ ಮುಂದೆ ಕಾಲೇಜು ಫುಟ್‌ಬಾಲ್ ನೋಡುವ ನನ್ನ ಅಕ್ಕಂದಿರೇ, ಅಣ್ಣಂದಿರೇ,



ಈ ಸಲದ ಯುಗಾದಿ ಊಟದಲ್ಲಿ ನನ್ನ ಎದುರಿಗೆ ಒಬ್ಬ ತಂದೆ ಕೂತಿದ್ದರು. ಅವರ ಮಗ ಹತ್ತನೇ ತರಗತಿ, ಶಾಲೆಯ ತಂಡದ ಕ್ವಾರ್ಟರ್‌ಬ್ಯಾಕ್. ಕಳೆದ ಸೀಸನ್ನಿನ ನಡುವೆ ಕೋಚ್ ಅವನನ್ನು ಕೂರಿಸಿ ಇನ್ನೊಬ್ಬನನ್ನು ಇಳಿಸಿದರಂತೆ. ಶಾಲೆ ಬದಲಾಯಿಸುವುದೋ, ಪ್ರಿನ್ಸಿಪಾಲರಿಗೆ ಬರೆಯುವುದೋ, ವಾರಕ್ಕೆ ಎರಡು ದಿನ ದುಡ್ಡು ಕೊಟ್ಟು ಬೇರೆ ಕೋಚ್ ಹತ್ತಿರ ಕಳಿಸುವುದೋ ಎಂದು ಅವರು ಕೇಳುತ್ತಾ ಹೋದರು. ಸುತ್ತ ಕೂತಿದ್ದ ನಾವು ಎಂಟು ಹತ್ತು ಜನ ಸಲಹೆ ಕೊಡುತ್ತಾ ಹೋದೆವು. ಹುಡುಗ ಅಪ್ಪನ ಪಕ್ಕದಲ್ಲೇ ಇದ್ದ. ತಟ್ಟೆಯಲ್ಲಿದ್ದ ಹೋಳಿಗೆಯ ಅಂಚನ್ನು ಬೆರಳಿನಿಂದ ಮುರಿದು ಮುರಿದು ಪುಡಿ ಮಾಡುತ್ತಿದ್ದ. ನಮ್ಮ ಕನ್ನಡ ಅವನಿಗೆ ಚೆನ್ನಾಗಿಯೇ ಅರ್ಥವಾಗುತ್ತದೆ. ಊಟ ಮುಗಿದು, ಕೈ ತೊಳೆದು, ಎಲ್ಲರೂ ಹೊರಡುವವರೆಗೂ ನಮ್ಮಲ್ಲಿ ಒಬ್ಬರೂ ಅವನ ಕಡೆ ತಿರುಗಿ "ನಿನಗೇನನ್ನಿಸುತ್ತೆ ಪುಟ್ಟಾ?" ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಅನ್ನಬೇಕಿತ್ತೆಂದು ಚೆನ್ನಾಗಿ ಬಲ್ಲವಳಾಗಿಯೂ ಅನ್ನಲಿಲ್ಲ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆ ಸಂಕಟಕ್ಕೇ ಈ ಪತ್ರ.

ಊರಿಂದ ಬಂದಿರುವ ನಿಮ್ಮ ಅಪ್ಪ-ಅಮ್ಮ, ಅತ್ತೆ-ಮಾವ ಇದನ್ನು ಓದುವುದಾದರೆ ಅವರಿಗಾಗಿ ಎರಡು ಮಾತು ಹೇಳಿಬಿಡುತ್ತೇನೆ. ಇಲ್ಲಿನ ಫುಟ್‌ಬಾಲ್ ಹೆಚ್ಚುಕಡಿಮೆ ಕೈಯಾಟ. ಒಂದೊಂದು ಕಡೆ ಹನ್ನೊಂದು ಜನ. ನಾಲ್ಕು ಪ್ರಯತ್ನದೊಳಗೆ ಹತ್ತು ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತವೆ. ಚೆಂಡು ಹಿಡಿದು ಕೊನೆಯ ಗೆರೆ ದಾಟಿದರೆ ಟಚ್‌ಡೌನ್. ಮುಂದೆ ಬಗ್ಗಿ ನಿಂತವನು ಕಾಲುಗಳ ನಡುವಿಂದ ಚೆಂಡನ್ನು ಹಿಂದಕ್ಕೆ ಕೊಡುತ್ತಾನೆ. ಅದು ಬಹುಮಟ್ಟಿಗೆ ಪ್ರತಿ ಸಲ ಬಂದು ಸೇರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಎಸೆಯುವುದೋ, ಪಕ್ಕದವನಿಗೆ ಕೊಡುವುದೋ, ತಾನೇ ಹಿಡಿದು ಓಡುವುದೋ, ಮೂರು ಸೆಕೆಂಡಿನೊಳಗೆ ಅವನು ತೀರ್ಮಾನಿಸಬೇಕು. ಅಷ್ಟರಲ್ಲಿ ನೂರಿಪ್ಪತ್ತು ಕಿಲೋ ತೂಕದ ಮೂವರು ನಾಲ್ವರು ಅವನನ್ನು ಕೆಡವಲು ನುಗ್ಗಿ ಬರುತ್ತಿರುತ್ತಾರೆ. ಮಿಕ್ಕ ಎಷ್ಟೋ ಜಾಗಗಳಲ್ಲಿ ಆಟಗಾರರನ್ನು ಸರದಿಯಂತೆ ಇಳಿಸುತ್ತಾರೆ, ಕೂರಿಸುತ್ತಾರೆ. ಈ ಜಾಗ ಮಾತ್ರ ಕ್ರಿಕೆಟ್ಟಿನ ವಿಕೆಟ್ ಕೀಪರ್ ಜಾಗದ ಹಾಗೆ, ಒಬ್ಬನಿಗೇ ಮೀಸಲು. ಎರಡನೆಯವನು ಎಷ್ಟೇ ಚೆನ್ನಾಗಿದ್ದರೂ ಗೆರೆಯಾಚೆ ನಿಂತೇ ಇರಬೇಕು. ನಮ್ಮ ಮಕ್ಕಳಲ್ಲಿ ಯಾರಾದರೂ ಈ ಜಾಗ ಆರಿಸಿಕೊಂಡರೆ ಆ ನಿಲ್ಲುವುದನ್ನೂ ಜೊತೆಗೇ ಆರಿಸಿಕೊಂಡ ಹಾಗೆ.

ಜೇಲನ್ ಹರ್ಟ್ಸ್ ಹೆಸರು ನಿಮಗೆಲ್ಲ ಗೊತ್ತು. 2025ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾ ಈಗಲ್ಸ್‌ಗೆ ಸೂಪರ್ ಬೌಲ್ ಗೆದ್ದುಕೊಟ್ಟು, ಆ ಪಂದ್ಯದ ಶ್ರೇಷ್ಠ ಆಟಗಾರ ಅನ್ನಿಸಿಕೊಂಡವನು. ನಮ್ಮ ಮನೆಗಳಲ್ಲಿ ಈಗ ಅವನ ಹೆಸರು ಬರುವುದು ಆ ಗೆಲುವಿನ ಮಾತಿಗೆ, ಇಲ್ಲವೇ ದುಡ್ಡಿನ ಮಾತಿಗೆ. ನಾನು ಹೇಳಬೇಕೆಂದಿರುವುದು ಅವನ ಕಾಲೇಜಿನ ದಿನಗಳನ್ನು, ಅದರಲ್ಲೂ ಅವನು ಹತ್ತೊಂಬತ್ತು ತುಂಬಿ ಇಪ್ಪತ್ತಕ್ಕೆ ಕಾಲಿಟ್ಟ ಹನ್ನೊಂದು ತಿಂಗಳನ್ನು.

ಅವನು ನಮ್ಮ ಹ್ಯೂಸ್ಟನ್ನಿನ ಹುಡುಗ. ಊರಿನ ಪೂರ್ವಕ್ಕೆ, ಹಡಗಿನ ಕಾಲುವೆಯ ಪಕ್ಕ, ತೈಲ ಸಂಸ್ಕರಣಾ ಘಟಕಗಳ ಚಿಮಣಿಗಳು ರಾತ್ರಿಯಿಡೀ ಉರಿಯುವ ಕಡೆ ಚಾನೆಲ್‌ವ್ಯೂ ಇದೆ. ಅಲ್ಲಿನ ಹೈಸ್ಕೂಲಿನಲ್ಲಿ ಅವನ ತಂದೆ ಏವೆರಿಯನ್ ಹರ್ಟ್ಸ್ ಅವರೇ ಫುಟ್‌ಬಾಲ್ ಕೋಚ್ ಆಗಿದ್ದರು. ಅಣ್ಣನೂ ಕ್ವಾರ್ಟರ್‌ಬ್ಯಾಕ್. ಮನೆಯ ಮಾತೂ ಆಟ, ಮನೆಯ ಮೌನವೂ ಆಟ. ಹುಡುಗನ ಮೈಕಟ್ಟು ಎಂಥದ್ದೆಂದರೆ ಹೈಸ್ಕೂಲಿನಲ್ಲೇ ಭಾರ ಎತ್ತುವ ಸ್ಪರ್ಧೆಗಳಿಗೆ ಹೋಗುತ್ತಿದ್ದ. 500 ಪೌಂಡಿನ ಸಲಾಕೆಯನ್ನು ಹೆಗಲ ಮೇಲಿಟ್ಟುಕೊಂಡು ಕೂತೆದ್ದವನು. 2016ರ ಜನವರಿಯಲ್ಲಿ, ಓರಗೆಯವರು ಇನ್ನೂ ಹೈಸ್ಕೂಲಿನಲ್ಲಿರುವಾಗಲೇ, ಹದಿನೇಳರ ಹುಡುಗ ಟಸ್ಕಲೂಸಕ್ಕೆ ಹೋಗಿ ಅಲಬಾಮಾ ವಿಶ್ವವಿದ್ಯಾಲಯ ಸೇರಿದ.

ಕಾಲೇಜಿನಲ್ಲಿ ಅವನ ಮೊದಲ ಪಂದ್ಯ ಅದೇ ವರ್ಷ ಸೆಪ್ಟೆಂಬರ್ 3ರಂದು, ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ, ಸದರ್ನ್ ಕ್ಯಾಲಿಫೋರ್ನಿಯಾ ಎದುರು. ಆಟ ಶುರುಮಾಡಿದ್ದು ಬೇರೆಯವನು, ಇವನನ್ನು ಆಮೇಲೆ ಕಳಿಸಿದರು. ಮೊಟ್ಟಮೊದಲ ಸಲ ಕೈಗೆ ಬಂದ ಚೆಂಡು ಜಾರಿ ಎದುರಾಳಿಯ ಪಾಲಾಯಿತು. ಆ ದೃಶ್ಯವನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹದಿನೆಂಟು ತುಂಬಿ ತಿಂಗಳೂ ಆಗದ ಹುಡುಗ ತಲೆ ತಗ್ಗಿಸದೆ, ಹೆಲ್ಮೆಟ್ಟಿನ ಪಟ್ಟಿ ಬಿಚ್ಚದೆ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದೆ ನಡೆದು ಬಂದು ನಿಂತ. ಆಮೇಲೆ ಎರಡು ಟಚ್‌ಡೌನ್ ಎಸೆದ, ಎರಡನ್ನು ತಾನೇ ಓಡಿ ಗಳಿಸಿದ. ಅಲಬಾಮಾ 52-6ರಿಂದ ಗೆದ್ದಿತು. ಮುಂದಿನ ಪಂದ್ಯದಿಂದ ಆ ಜಾಗ ಅವನದಾಯಿತು. ಆಗತಾನೆ ಹೈಸ್ಕೂಲು ಬಿಟ್ಟು ಬಂದ ಹುಡುಗನಿಗೆ ಅಲಬಾಮಾದಲ್ಲಿ ಅದು ಸಿಕ್ಕಿದ್ದು 32 ವರ್ಷಗಳಲ್ಲೇ ಮೊದಲ ಸಲ.

ಆ ವರ್ಷ ತಂಡ ಫೈನಲ್ಲಿನವರೆಗೂ ಸೋಲಲೇ ಇಲ್ಲ. 2017ರ ಜನವರಿ 9ರಂದು ಟ್ಯಾಂಪಾದಲ್ಲಿ ಕ್ಲೆಮ್ಸನ್ ಎದುರು ಫೈನಲ್. ಎರಡು ನಿಮಿಷ ಏಳು ಸೆಕೆಂಡು ಉಳಿದಿದ್ದಾಗ ಜೇಲನ್ 30 ಗಜ ಓಡಿ ಟಚ್‌ಡೌನ್ ಗಳಿಸಿ ತಂಡವನ್ನು ಮುಂದೆ ತಂದ. ಆದರೆ ಕ್ಲೆಮ್ಸನ್‌ನ ಡೆಷಾನ್ ವಾಟ್ಸನ್ ಕೊನೆಯ ಸೆಕೆಂಡುಗಳಲ್ಲಿ ಎಸೆದ ಚೆಂಡು ಎಲ್ಲವನ್ನೂ ತಿರುಗಿಸಿತು: 35-31. ಮರುವರ್ಷ ಅಲಬಾಮಾ ಮತ್ತೆ ಫೈನಲ್ಲಿಗೆ ಬಂತು. ಜೇಲನ್ ಮೊದಲಿನಿಂದ ಇಳಿದ ಪಂದ್ಯಗಳು ಎರಡು ವರ್ಷದಲ್ಲಿ ಒಟ್ಟು 28; ತಂಡ ಗೆದ್ದದ್ದು 26. ಈ ಎರಡು ಅಂಕಿ ನೆನಪಿರಲಿ.

2018ರ ಜನವರಿ 8, ಅಟ್ಲಾಂಟಾ. ಎದುರಾಳಿ ಜಾರ್ಜಿಯಾ. ವಿರಾಮದ ಹೊತ್ತಿಗೆ 13-0. ಜೇಲನ್ ಎಸೆದ ಎಂಟರಲ್ಲಿ ಮೂರು ಮಾತ್ರ ತಲುಪಿದ್ದವು, ಅದೂ ಬರೀ 21 ಗಜ. ಬಟ್ಟೆ ಬದಲಿಸುವ ಕೋಣೆಯಲ್ಲಿ ಕೋಚ್ ನಿಕ್ ಸೇಬನ್ ಅವನನ್ನು ಕೂರಿಸಿ, ಹವಾಯಿಯ ಟುವಾ ಟಾಗೊವೈಲೋವಾನನ್ನು ಇಳಿಸುವುದೆಂದು ತೀರ್ಮಾನಿಸಿದರು. ಟುವಾ ವಯಸ್ಸಿನಲ್ಲಿ ಜೇಲನ್‌ಗಿಂತ ಐದು ತಿಂಗಳು ದೊಡ್ಡವನು, ಕಾಲೇಜಿನಲ್ಲಿ ಒಂದು ವರ್ಷ ಚಿಕ್ಕವನು. ಮುಂದಿನದು ನಿಮಗೆ ಗೊತ್ತು. ಹೆಚ್ಚುವರಿ ಅವಧಿಯಲ್ಲಿ ಮೊದಲು ಕೆಳಗೆ ಬಿದ್ದು ಹದಿನಾರು ಗಜ ಹಿಂದೆ ಸರಿದವನು, ಮರುಕ್ಷಣವೇ 41 ಗಜದ ಎಸೆತ ಎಸೆದು 26-23ರಿಂದ ಪಂದ್ಯ ಗೆಲ್ಲಿಸಿದ. ಒಂದು ಸಂಜೆಯೊಳಗೆ ಅವನ ಹೆಸರು ದೇಶವೆಲ್ಲ ಓಡಾಡಿತು.

ನಾನು ಆ ರಾತ್ರಿ ಟಿವಿಯಲ್ಲಿ ನೋಡುತ್ತಿದ್ದದ್ದು ಗೆರೆಯಾಚೆ ನಿಂತಿದ್ದವನನ್ನು. ಅಷ್ಟೊಂದು ಪಂದ್ಯ ಗೆಲ್ಲಿಸಿದ ಹುಡುಗ ಬೇರೆಯವನ ಪ್ರತಿ ಎಸೆತಕ್ಕೂ ಕೈಯೆತ್ತುತ್ತಿದ್ದ. ಟುವಾ ಹೊರಗೆ ಬಂದಾಗ ಅಪ್ಪಿಕೊಂಡ. ಪಂದ್ಯ ಮುಗಿದ ಮೇಲೆ ಪತ್ರಕರ್ತರ ಮುಂದೆ ನಿಂತು, ಗೆಳೆಯನಿಗಾಗಿ ಖುಷಿಯಾಗಿದೆ ಎಂದ. ಅಂದು ಗೆದ್ದ ತಂಡದಲ್ಲಿ ಅವನಷ್ಟು ಕಳೆದುಕೊಂಡವನು ಇನ್ನೊಬ್ಬನಿರಲಿಲ್ಲ. ನನ್ನ ಮಗ ಆಗ ಐದನೇ ತರಗತಿ. ನೆಲದ ಮೇಲೆ ಕೂತು ನೋಡುತ್ತಿದ್ದ. "ಅಮ್ಮ, ಅವನು ಯಾಕೆ ನಗ್ತಿದಾನೆ?" ಎಂದು ಕೇಳಿದ. ಒಳ್ಳೆಯ ಹುಡುಗ, ಅದಕ್ಕೆ ಎಂದು ಹೇಳಿ ಅವನನ್ನು ಮಲಗಲು ಕಳಿಸಿದೆ. ಅದು ಅರೆಬರೆ ಉತ್ತರವೆಂದು ಈಗ ಅನ್ನಿಸುತ್ತದೆ. ಒಳ್ಳೆಯತನಕ್ಕೆ ನೋವಿರುವುದಿಲ್ಲ ಎಂಬ ಪಾಠವನ್ನು ನಾನು ಅವನ ತಲೆಗೆ ಅವತ್ತೇ ತುಂಬಿದೆ.

ಆಮೇಲಿನ ತಿಂಗಳುಗಳಲ್ಲಿ ಇಡೀ ದೇಶ ಜೇಲನ್ ಬಗ್ಗೆ ಮಾತಾಡಿತು. ಹೋಗುತ್ತಾನೆ, ಉಳಿಯುತ್ತಾನೆ, ಅವನ ಜಾಗ ಬದಲಾಯಿಸುತ್ತಾರೆ. ಮೊದಲ ಸ್ಥಾನ ಕೈತಪ್ಪಿದರೆ ಮಗ ಬೇರೆ ಕಡೆ ಹೋಗಬಹುದೆಂದು ಅವನ ತಂದೆಯೇ ಬಹಿರಂಗವಾಗಿ ಹೇಳಿದ್ದರು. ಅವರನ್ನು ನಾನು ದೂರುವುದಿಲ್ಲ. ಹೊಟ್ಟೆಯಲ್ಲಿ ಹುಟ್ಟಿದ ಮಗನನ್ನು ಲಕ್ಷ ಜನರ ಕಣ್ಣೆದುರು ಕೂರಿಸಿದಾಗ ತಂದೆಯ ಬಾಯಿಂದ ಮಾತು ಬಂದೇ ಬರುತ್ತದೆ.

ಆಗಸ್ಟ್ ತಿಂಗಳಲ್ಲಿ, ಅಭಿಮಾನಿಗಳಿಗಾಗಿ ತಂಡ ಬಾಗಿಲು ತೆರೆದ ದಿನ, ಜೇಲನ್ ಪತ್ರಕರ್ತರ ಮುಂದೆ ಬಾಯಿಬಿಟ್ಟ. ದನಿ ಏರಿಸಲಿಲ್ಲ. ವಸಂತವಿಡೀ, ಕೋಚುಗಳೂ ಸೇರಿದಂತೆ, ಒಬ್ಬರೂ ತನ್ನ ಹತ್ತಿರ ಬಂದು ನಿನಗೆ ಹೇಗನ್ನಿಸುತ್ತಿದೆ ಎಂದು ಕೇಳಲಿಲ್ಲ ಎಂದ.

ಬಂಧುಗಳೇ, ಇದನ್ನು ಇನ್ನೊಮ್ಮೆ ಓದಿ. ಅಲಬಾಮಾ ಕ್ರೀಡಾಂಗಣದಲ್ಲಿ ಒಂದು ಲಕ್ಷ ಜನ ಕೂರುತ್ತಾರೆ. ಆಟಗಾರರ ಊಟಕ್ಕೆ ಒಬ್ಬರು, ನಿದ್ದೆಗೆ ಒಬ್ಬರು, ಪಾಠಕ್ಕೆ ಒಬ್ಬರು, ಕಾಲಿನ ಹಿಮ್ಮಡಿಗೆ ಒಬ್ಬರು ತಜ್ಞರಿರುತ್ತಾರೆ. ಸೇಬನ್ ಅವರ ಸಂಬಳವಂತೂ ಬಹಳ ದೊಡ್ಡದಾಗಿತ್ತು. ಇಷ್ಟೆಲ್ಲದರ ನಡುವೆ ತಿಂಗಳುಗಟ್ಟಲೆ ಒಬ್ಬ ಹುಡುಗ ಒಂದು ಪ್ರಶ್ನೆಗಾಗಿ ಕಾದಿದ್ದ.

ಸೀಸನ್ ಶುರುವಾಯಿತು. ಜಾಗ ಟುವಾನಿಗೆ ಹೋಯಿತು. ನಾಲ್ಕು ಪಂದ್ಯದೊಳಗೆ ಆಟ ನಿಲ್ಲಿಸಿದರೆ ಆ ವರ್ಷ ಲೆಕ್ಕಕ್ಕೆ ಬರುವುದಿಲ್ಲ ಎಂಬ ಹೊಸ ನಿಯಮ ಆ ವರ್ಷವೇ ಬಂದಿತ್ತು. ನಾಲ್ಕಕ್ಕೆ ನಿಲ್ಲಿಸಿ ಬೇರೆ ಕಾಲೇಜಿಗೆ ಹೊರಟುಬಿಡುತ್ತಾನೆ ಎಂದು ಎಲ್ಲರೂ ಎಣಿಸುತ್ತಿದ್ದರು. ಅದೇ ಸೆಪ್ಟೆಂಬರಿನಲ್ಲಿ ಕ್ಲೆಮ್ಸನ್‌ನ ಕೆಲ್ಲಿ ಬ್ರಯಂಟ್ ಮೊದಲ ಸ್ಥಾನ ಕಳೆದುಕೊಂಡು, ನಾಲ್ಕು ಪಂದ್ಯಕ್ಕೆ ತಂಡ ಬಿಟ್ಟು, ಮುಂದೆ ಮಿಸೌರಿಗೆ ಹೋದ. ಅವನನ್ನು ಹೇಡಿ ಎಂದವರಿದ್ದಾರೆ. ನಾನು ಅವರ ಜೊತೆಗಿಲ್ಲ. ಹೋಗುವುದು ಅವನ ತೀರ್ಮಾನವಾಗಿತ್ತು, ಅಷ್ಟೇ. ಜೇಲನ್ ಐದನೇ ಪಂದ್ಯಕ್ಕೂ ಇಳಿದ. ಗೆಲುವು ಖಚಿತವಾದ ಮೇಲೆ ಕೊನೆಯ ಕಾಲುಭಾಗದಲ್ಲಿ ನಾಲ್ಕು ಚೆಂಡು ಎಸೆಯಲು ಸಿಗುವ ಅವಕಾಶಕ್ಕಾಗಿ ವಾರವಿಡೀ ಅಭ್ಯಾಸ ಮಾಡಿದ. ಈ ಭಾಗಕ್ಕೆ ಅಂಕಿ-ಅಂಶ ಇಲ್ಲ. ಕಾದು ನಿಂತ ಗಂಟೆಗಳಿಗೆ ಯಾವ ಪುಸ್ತಕದಲ್ಲೂ ಕಾಲಂ ಹಾಕಿಲ್ಲ. ಅವನ ಆಟದ ಬದುಕಿನ ತಿರುಳೆಲ್ಲ ಈ ಖಾಲಿ ಜಾಗದಲ್ಲಿದೆ ಎಂದೇ ನನಗೆ ಅನ್ನಿಸುತ್ತದೆ.

ಡಿಸೆಂಬರ್ 1ರಂದು ಮತ್ತೆ ಅಟ್ಲಾಂಟಾ. ಅದೇ ಕ್ರೀಡಾಂಗಣ, ಅದೇ ಜಾರ್ಜಿಯಾ, ಈ ಸಲ ಎಸ್‌ಇಸಿ ಎಂಬ ಅವರ ಕಾಲೇಜು ಒಕ್ಕೂಟದ ಫೈನಲ್. ಕೊನೆಯ ಕಾಲುಭಾಗದಲ್ಲಿ ಅಲಬಾಮಾ 21-28ರಿಂದ ಹಿಂದಿತ್ತು. ಟುವಾನ ಕಣಕಾಲು ತಿರುಚಿತು, ಆಸರೆ ಕೊಟ್ಟು ಹೊರಗೆ ತಂದರು. ಜೇಲನ್ ಹೆಲ್ಮೆಟ್ ಹಾಕಿಕೊಂಡು ಓಡಿದ. ಮೊದಲು ಜೆರ್ರಿ ಜೂಡಿಗೆ ಎಸೆದು 28-28 ಮಾಡಿದ. ಒಂದು ನಿಮಿಷ ನಾಲ್ಕು ಸೆಕೆಂಡು ಉಳಿದಿದ್ದಾಗ ತಾನೇ 15 ಗಜ ಓಡಿ ಗೆರೆ ದಾಟಿದ. 35-28. ಎಸೆದ ಒಂಬತ್ತರಲ್ಲಿ ಏಳು ತಲುಪಿದ್ದವು. ಪಂದ್ಯದ ನಂತರ ಅವನ ಬಗ್ಗೆ ಮಾತಾಡುವಾಗ ಸೇಬನ್ ಅವರ ಗಂಟಲು ಕಟ್ಟಿತು. ಎಪ್ಪತ್ತರ ಹತ್ತಿರದ, ಕಲ್ಲಿನಂಥ ಮುಖದ ಮನುಷ್ಯ.

ಇದನ್ನು ಹೇಳಿದಾಗಲೆಲ್ಲ ನಮ್ಮವರು ಅನ್ನುವುದು ಒಂದೇ: "ನೋಡಿ, ತಾಳಿದವನು ಬಾಳಿಯಾನು." ಈ ಗಾದೆಯನ್ನು ಇಲ್ಲಿ ತರಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಟುವಾ ಕಣಕಾಲು ತಿರುಚಿಕೊಳ್ಳದಿದ್ದರೆ ಆ ಸಂಜೆ ಬರುತ್ತಲೇ ಇರಲಿಲ್ಲ, ಜೇಲನ್ ಬೆಂಚಿನ ಮೇಲೇ ವರ್ಷ ಮುಗಿಸುತ್ತಿದ್ದ. ಹಾಗಾಗಿದ್ದರೂ ಆ ಹನ್ನೊಂದು ತಿಂಗಳು ಅವನು ಬದುಕಿದ ರೀತಿಗೆ ಕೂದಲಷ್ಟೂ ಕುಂದು ಬರುತ್ತಿರಲಿಲ್ಲ. ಅವನೂ ಶಾಶ್ವತವಾಗಿ ತಾಳಿಕೊಂಡು ಕೂರಲಿಲ್ಲ. ಮೂರು ವರ್ಷಕ್ಕೆ ಪದವಿ ಮುಗಿಸಿದ. ಕಾಲೇಜು ಬದಲಾಯಿಸಿದವರು ಆಗೆಲ್ಲ ಒಂದು ವರ್ಷ ಆಡದೆ ಕೂರಬೇಕಿತ್ತು. ಪದವಿ ಪಡೆದವನಿಗೆ ಆ ತಡೆ ಇರಲಿಲ್ಲ. 2019ರ ಜನವರಿಯಲ್ಲಿ ಓಕ್ಲಹೋಮಾಕ್ಕೆ ಹೊರಟ. ಬಾಗಿಲನ್ನು ಧಡಾರನೆ ಹಾಕಿಕೊಂಡು ಹೋಗಲಿಲ್ಲ, ಆದರೆ ಹೋದ. ಉಳಿಯುವ ದಿನ ಉಳಿದದ್ದೂ ಹೊರಡುವ ದಿನ ಹೊರಟದ್ದೂ ಅವನದೇ ಮನಸ್ಸು.

ಓಕ್ಲಹೋಮಾದಲ್ಲಿ ಅವನಿಗಿಂತ ಮೊದಲು ಆಡಿದ ಇಬ್ಬರು, ಬೇಕರ್ ಮೇಫೀಲ್ಡ್ ಮತ್ತು ಕೈಲರ್ ಮರ್ರಿ, ಒಬ್ಬರ ಹಿಂದೊಬ್ಬರು, ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಗೆದ್ದಿದ್ದರು. ಜೇಲನ್ ಆ ವರ್ಷ 3,851 ಗಜ ಎಸೆದ, 1,298 ಗಜ ಓಡಿದ, ಹೈಸ್ಮನ್‌ನಲ್ಲಿ ಎರಡನೆಯವನಾದ. ಮೊದಲನೆಯವನು ಲೂಯಿಸಿಯಾನದ ಜೋ ಬರೋ. ಅವನೂ ಒಹಾಯೋದಲ್ಲಿ ಜಾಗ ಸಿಗದೆ ಹೊರಟು ಬಂದಿದ್ದವನು. ನವೆಂಬರ್ 16ರಂದು ಬೇಲರ್ ಎದುರು ಓಕ್ಲಹೋಮಾ 3-28ಕ್ಕೆ ಇಳಿದಿತ್ತು. ಅಲ್ಲಿಂದ ಎದ್ದು 34-31ಕ್ಕೆ ಗೆದ್ದಿತು. ಅದೇ ದಿನ ಮಿಸಿಸಿಪಿಯಲ್ಲಿ ಆಡುತ್ತಿದ್ದ ಟುವಾನ ಸೊಂಟದ ಕೀಲು ತಪ್ಪಿತು, ಅವನ ಕಾಲೇಜು ಆಟ ಅಲ್ಲಿಗೇ ಮುಗಿಯಿತು. ಅಲಬಾಮಾದಲ್ಲಿ ಈ ಇಬ್ಬರ ಹಿಂದೆ ಮೂರನೆಯವನಾಗಿ ಸದ್ದಿಲ್ಲದೆ ನಿಂತಿದ್ದ ಮ್ಯಾಕ್ ಜೋನ್ಸ್ ಆ ಜಾಗಕ್ಕೆ ಬಂದ; 2021ರ ಜನವರಿಯಲ್ಲಿ ತಂಡಕ್ಕೆ ಚಾಂಪಿಯನ್ ಪಟ್ಟ ತಂದ. ಇದರಲ್ಲಿ ಯಾರ ಪಾಲಿಗೆ ಯಾವಾಗ ಏನು ಎಂದು ಮೊದಲೇ ಹೇಳಬಲ್ಲ ತಂದೆ-ತಾಯಿ ಯಾರಿದ್ದಾರೆ?

ಜೇಲನ್‌ನ ಕಾಲೇಜು ಆಟ ಮುಗಿದದ್ದು 2019ರ ಡಿಸೆಂಬರ್ 28ರಂದು, 28-63ರ ಸೋಲಿನಲ್ಲಿ, ಬರೋ ತಂಡದ ಎದುರು. ಕ್ರೀಡಾಂಗಣ ಮತ್ತೆ ಅಟ್ಲಾಂಟಾದ ಅದೇ. ಕೂರಿಸಿದ್ದು, ಎಬ್ಬಿಸಿದ್ದು, ಬೀಳ್ಕೊಟ್ಟದ್ದು ಎಲ್ಲ ಆ ಒಂದೇ ಸೂರಿನ ಕೆಳಗೆ. ಮುಂದಿನ ಏಪ್ರಿಲ್‌ನಲ್ಲಿ ವೃತ್ತಿಪರ ತಂಡಗಳು ಆಟಗಾರರನ್ನು ಆರಿಸಿಕೊಂಡಾಗ ಬರೋ ಮೊದಲನೆಯವನು, ಟುವಾ ಐದನೆಯವನು, ಜೇಲನ್ ಐವತ್ತಮೂರನೆಯವನು. ಅವನನ್ನು ಕರೆದುಕೊಂಡ ಫಿಲಡೆಲ್ಫಿಯಾದಲ್ಲಿ ಕಾರ್ಸನ್ ವೆಂಟ್ಜ್ ಎಂಬ ಹೆಸರಾಂತ ಕ್ವಾರ್ಟರ್‌ಬ್ಯಾಕ್ ಆಗಲೇ ಇದ್ದ. ಅಂದರೆ ಮತ್ತೆ ಗೆರೆಯಾಚೆ. 2020ರ ಡಿಸೆಂಬರ್ ಬರುವವರೆಗೆ ಅಲ್ಲಿ ಕಾದ. 2023ರ ಸೂಪರ್ ಬೌಲ್‌ನಲ್ಲಿ ಮೂರು ಟಚ್‌ಡೌನ್ ಓಡಿಯೂ, ಕೈಜಾರಿದ ಒಂದು ಚೆಂಡು ಎದುರಾಳಿ ಕಾನ್ಸಸ್ ಸಿಟಿಗೆ ಟಚ್‌ಡೌನ್ ಆಗಿ, 35-38ಕ್ಕೆ ಸೋತ. ಎರಡು ವರ್ಷದ ಮೇಲೆ ನ್ಯೂ ಆರ್ಲಿಯನ್ಸ್‌ನಲ್ಲಿ ಅದೇ ಕಾನ್ಸಸ್ ಸಿಟಿಯನ್ನು 40-22ಕ್ಕೆ ಸೋಲಿಸಿದ. ಈ ಭಾಗವನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ.

ಈಗ ಕಾಲ ಬದಲಾಗಿದೆ, ಅದನ್ನೂ ಹೇಳದೆ ಬಿಟ್ಟರೆ ಪತ್ರ ಅರ್ಧವಾಗುತ್ತದೆ. ಜೇಲನ್ ಕಾಲೇಜಿನಲ್ಲಿದ್ದಾಗ ಆಟಗಾರನಿಗೆ ಸಿಗುತ್ತಿದ್ದದ್ದು ಫೀಸು, ಊಟ, ವಸತಿ. ಅವನ ಅಂಗಿ ಮಾರಿದ ದುಡ್ಡು ಅವನಿಗೆ ಬರುತ್ತಿರಲಿಲ್ಲ. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರಿನಿಂದ ಗಳಿಸಬಹುದೆಂದಾಯಿತು. 2025ರಲ್ಲಿ ಕೋರ್ಟಿನಲ್ಲಿ ಆದ ಒಪ್ಪಂದದಿಂದ ಕಾಲೇಜುಗಳೇ ನೇರವಾಗಿ ದುಡ್ಡು ಕೊಡುವಂತಾಯಿತು. ಇದು ನ್ಯಾಯ, ತಡವಾಗಿ ಬಂದ ನ್ಯಾಯ. ಅದರ ಜೊತೆಗೇ ಕಾಲೇಜು ಬದಲಾಯಿಸುವುದೂ ಸಲೀಸಾಯಿತು. ಇದರ ಗಾಳಿ ಹೈಸ್ಕೂಲಿಗೂ ಬೀಸಿದೆ, ನಮ್ಮ ಮನೆಗಳಿಗೂ ಬೀಸಿದೆ. ಮಗು ಎರಡು ವಾರ ಬೆಂಚಿನ ಮೇಲೆ ಕೂತರೆ ನಾವು ಬೇರೆ ಶಾಲೆಯ ವಲಯದಲ್ಲಿ ಮನೆ ಹುಡುಕತೊಡಗುತ್ತೇವೆ. ಐಐಟಿ ಕೋಚಿಂಗಿಗೆ ಊರು ಬಿಟ್ಟು ಊರಿಗೆ ಹೋದ ತಲೆಮಾರು ನಮ್ಮದು. ಜಾಗ ಬದಲಾಯಿಸಿದರೆ ಹಣೆಬರಹ ಬದಲಾಗುತ್ತದೆಂದು ನಾವು ನಂಬಿದ್ದೇವೆ, ನಮ್ಮ ಮಟ್ಟಿಗೆ ಅದು ನಿಜವೂ ಆಗಿದೆ. ಅದಕ್ಕೇ ಈ ವಿಷಯದಲ್ಲಿ ನಮ್ಮ ಕೈ ಇಷ್ಟು ಬೇಗ ಫೋನಿಗೆ ಹೋಗುತ್ತದೆ.

ಇನ್ನು ಪೆಟ್ಟಿನ ಭಯ. ಟುವಾ 2022ರಲ್ಲಿ ಸಿನ್ಸಿನಾಟಿಯ ಮೈದಾನದಲ್ಲಿ ತಲೆಗೆ ಪೆಟ್ಟಾಗಿ ಬಿದ್ದಾಗ ಅವನ ಬೆರಳುಗಳು ಮುಖದ ಮುಂದೆ ಸೆಟೆದುಕೊಂಡು ನಿಂತದ್ದನ್ನು ನಾನು ಮರೆಯಲಾರೆ. ಈ ಆಟ ಬೇಡವೆಂದು ಮಗುವಿಗೆ ಹೇಳುವ ತಾಯಿಯನ್ನು ನಾನು ಪೂರ್ತಿ ಗೌರವಿಸುತ್ತೇನೆ. ತಲೆಯ ವಿಷಯದಲ್ಲಿ ತೀರ್ಮಾನ ನಮ್ಮದೇ ಆಗಿರಬೇಕು. ಅಲ್ಲಿ ಮಗುವಿನ ಹಟಕ್ಕೆ ಬಗ್ಗಬೇಡಿ. ಯಾರು ಮೊದಲು ಆಡುತ್ತಾರೆ ಎಂಬ ಲೆಕ್ಕ ಮಾತ್ರ ಅದರಂಥದ್ದಲ್ಲ.

ಈಗ ನನ್ನ ಮಾತು.

ನನ್ನ ಮಗ ಹತ್ತನೇ ತರಗತಿಯಲ್ಲಿ ಕಿರಿಯರ ತಂಡದ ಕ್ವಾರ್ಟರ್‌ಬ್ಯಾಕ್ ಆಗಿದ್ದ. ಅಕ್ಟೋಬರ್ ತಿಂಗಳ ಒಂದು ಗುರುವಾರ, ವಿರಾಮದ ನಂತರ ಅವನನ್ನು ಕೂರಿಸಿದರು. ಮನೆಗೆ ಬರುವ ದಾರಿಯುದ್ದಕ್ಕೂ ಅವನು ಕಿಟಕಿಯ ಕಡೆ ಮುಖ ಮಾಡಿದ್ದ. ನಾನು ಮಾತಾಡಿದೆ, ಅನ್ಯಾಯ ಅಂದೆ, ಕೋಚಿಗೆ ಆಟ ಗೊತ್ತಿಲ್ಲ ಅಂದೆ, ಇನ್ನೊಬ್ಬ ಹುಡುಗನ ಬಗ್ಗೆ ತಾಯಿಯಾದವಳು ಆಡಬಾರದ ಮಾತನ್ನೂ ಆಡಿದೆ. ರಾತ್ರಿ ಹನ್ನೊಂದರ ಮೇಲೆ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಕೋಚಿಗೆ ಎರಡು ಪುಟದ ಇ-ಮೇಲ್ ಬರೆದೆ. ಮಗ ಮನೆಯಲ್ಲಿ ಅಳುತ್ತಿದ್ದಾನೆ, ಅವನ ಆತ್ಮವಿಶ್ವಾಸ ಮುರಿದಿದೆ ಎಂದು ಬರೆದೆ. ಅವನು ಅಳುತ್ತಿರಲಿಲ್ಲ. ಮಹಡಿಯ ಮೇಲೆ ಲೆಕ್ಕದ ಹೋಂವರ್ಕ್ ಮಾಡುತ್ತಿದ್ದ.

ಸೋಮವಾರ ಕೋಚ್ ಅವನನ್ನು ಕರೆದು, ನನ್ನ ಪತ್ರ ತೋರಿಸಿ, ನಿಧಾನವಾಗಿ ಮಾತಾಡಿದರಂತೆ. ಅವರಿಂದ ಒಂದು ಕೆಟ್ಟ ಮಾತೂ ಬರಲಿಲ್ಲ. ಮಗ ಮನೆಗೆ ಬಂದು ಬೂಟು ಬಿಚ್ಚಿ, ಸಾಕ್ಸನ್ನು ಮಡಿಸಿ ಒಳಗೆ ತುರುಕುತ್ತಾ, ತಲೆ ಎತ್ತದೆ ಕೇಳಿದ: "ಅಮ್ಮ, ನನ್ನನ್ನ ಒಂದು ಸಲ ಕೇಳಬಹುದಿತ್ತಲ್ಲ?"

ಅಷ್ಟೇ. ಅದರ ಮೇಲೆ ಹತ್ತು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಬೆಂಚಿನ ಮೇಲೆ ಕೂತದ್ದನ್ನು ಅವನು ನುಂಗಿಕೊಂಡಿದ್ದ. ಅವನನ್ನು ಅಳುಬುರುಕನನ್ನಾಗಿ ಮಾಡಿ ಕೋಚಿನ ಮುಂದೆ ನಿಲ್ಲಿಸಿದ್ದು ನಾನು. ಹೊಸದಾಗಿ ಆಡುತ್ತಿದ್ದ ಹುಡುಗ ಅವನ ಆಪ್ತ ಗೆಳೆಯ ಎಂಬುದೂ, ಎದುರಾಳಿಗಳು ನಿಂತ ಬಗೆಯನ್ನು ಓದುವುದನ್ನು ಇಬ್ಬರೂ ಊಟದ ಬಿಡುವಿನಲ್ಲಿ ಕೂತು ಕಲಿಯುತ್ತಿದ್ದರು ಎಂಬುದೂ ನನಗೆ ತಿಳಿದದ್ದು ಆಮೇಲೆ. ಅವನನ್ನು ಕೇಳಿದ್ದರೆ ಕಾರಿನಲ್ಲೇ ತಿಳಿಯುತ್ತಿತ್ತು.

ಅದಕ್ಕೇ ನಿಮ್ಮಲ್ಲಿ ಬೇಡಿಕೊಳ್ಳುತ್ತಿದ್ದೇನೆ. ಕೋಚಿಗೆ ಬರೆಯುವ ಮೊದಲು ಮಗುವಿಗೆ ಓದಿ ತೋರಿಸಿ. ಅದು ಬೇಡ ಎಂದರೆ ಕಳಿಸಬೇಡಿ. ಮಗು ಪಕ್ಕದಲ್ಲಿ ಕೂತಿರುವಾಗ ಅದರ ಆಟದ ಬಗ್ಗೆ ಹತ್ತು ಜನರ ಮುಂದೆ ಚರ್ಚೆ ಎತ್ತಬೇಡಿ. ಬೇರೆಯವರು ಎತ್ತಿದರೆ ಮಾತು ಮರೆಸಿ. ಇನ್ನೊಬ್ಬರ ಮಗುವನ್ನು ಹಳಿದು ನಿಮ್ಮ ಮಗುವಿಗೆ ಸಮಾಧಾನ ಹೇಳಬೇಡಿ, ಆ ಇನ್ನೊಬ್ಬ ನಿಮ್ಮ ಮಗುವಿನ ಟುವಾ ಆಗಿರಬಹುದು. ಶನಿವಾರ ಟಿವಿ ಮುಂದೆ ಕೂತು ಹತ್ತೊಂಬತ್ತರ ಹುಡುಗನೊಬ್ಬ ಚೆಂಡು ಕೈಚೆಲ್ಲಿದಾಗ ನಾವು ಆಡುವ ಮಾತುಗಳಿವೆಯಲ್ಲ, ಅವನ್ನು ನೆಲದ ಮೇಲೆ ಕೂತು ನೋಡುತ್ತಿರುವ ನಮ್ಮ ಮಗು ಕೇಳಿಸಿಕೊಳ್ಳುತ್ತಿರುತ್ತದೆ. ನಾಳೆ ತಾನು ಕೈಚೆಲ್ಲಿದರೆ ಅಪ್ಪ-ಅಮ್ಮ ಏನನ್ನುತ್ತಾರೆಂದು ಅದಕ್ಕೆ ಇವತ್ತೇ ಗೊತ್ತಾಗಿಬಿಡುತ್ತದೆ.

ಕೇಳಿದ ಕೂಡಲೇ ಉತ್ತರ ಬರುವುದಿಲ್ಲ. ಅದಕ್ಕೂ ಕಾಯಬೇಕು. ನಮಗೆ ಬರದ ಕೆಲಸ ಅದೇ.

ಮಗನ ಹೈಸ್ಕೂಲಿನ ಕೊನೆಯ ಪಂದ್ಯ ನವೆಂಬರ್ ತಿಂಗಳ ಒಂದು ಶುಕ್ರವಾರ. ಸಣ್ಣಗೆ ಜಿನುಗುವ ಮಳೆ, ಬ್ಯಾಂಡಿನವರ ತುತ್ತೂರಿಗಳಿಗೆಲ್ಲ ಪ್ಲಾಸ್ಟಿಕ್ಕು ಹೊದಿಸಿದ್ದರು. ಅವನು ಆಟವಿಡೀ ಗೆರೆಯಾಚೆ ನಿಂತು, ಕೈಸನ್ನೆಯಿಂದ ಆಟದ ಸಂಕೇತಗಳನ್ನು ಒಳಗಿದ್ದ ಗೆಳೆಯನಿಗೆ ಮುಟ್ಟಿಸುತ್ತಿದ್ದ. ಒಂದು ಸಲವೂ ಇಳಿಸಲಿಲ್ಲ. ತಂಡ ಸೋತಿತು. ಕೊನೆಗೆ ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿಕೊಂಡು, ಒದ್ದೆ ಹುಲ್ಲಿನ ಮೇಲೆ ಬಹಳ ಹೊತ್ತು ನಿಂತಿದ್ದರು.

ಕಾರಿನಲ್ಲಿ ಹೀಟರ್ ಹಾಕಿ, ಅವನಿಗೆ ಟವೆಲ್ ಕೊಟ್ಟು, "ಹೇಗನ್ನಿಸ್ತಿದೆ?" ಎಂದು ಕೇಳಿದೆ.

"ಹಸಿವಾಗ್ತಿದೆ ಅಮ್ಮ" ಅಂದ.

ಮನೆಗೆ ಬಂದು ಮೊಸರನ್ನ ಕಲಸಿ, ಮಾವಿನಮಿಡಿ ಉಪ್ಪಿನಕಾಯಿ ಹಾಕಿ ಕೊಟ್ಟೆ. ನಾನೂ ಎದುರಿಗೆ ಒಂದು ತಟ್ಟೆ ಹಾಕಿಕೊಂಡು ಕೂತೆ, ಸುಮ್ಮನೆ. ಅರ್ಧ ಊಟ ಆಗುವವರೆಗೂ ಮನೆಯಲ್ಲಿ ಫ್ರಿಜ್ಜಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಆಮೇಲೆ ಅವನು ಶುರುಮಾಡಿದ. ಮುಗಿಸುವ ಹೊತ್ತಿಗೆ ರಾತ್ರಿ ಒಂದೂವರೆಯಾಗಿತ್ತು, ತಟ್ಟೆಯಲ್ಲಿದ್ದ ಅನ್ನ ಒಣಗಿತ್ತು. ಅವನು ಏನು ಹೇಳಿದ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬರೆಯಲೇ ಎಂದು ಅವನನ್ನು ಕೇಳಿದೆ, ಬೇಡ ಅಂದ.

ಇಂತಿ ನಿಮ್ಮವಳೇ ಆದ,
ಹ್ಯೂಸ್ಟನ್ನಿನ ಒಬ್ಬ ತಾಯಿ